ಮಡಿಚುವ ಫೋನಿನ ಮಡಿ ಮೈಲಿಗೆ

ವರ್ಷಕ್ಕೆರಡು ಸಲ ನಮ್ಮಮ್ಮ ಬೀರುವಿನ ರೇಷ್ಮೆ ಸೀರೆಗಳನ್ನೆಲ್ಲ ಮಂಚದ ಮೇಲೆ ಹರವಿಕೊಂಡು ಕೂರುತ್ತಾಳೆ. ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಮತ್ತೆ ಮಡಿಸಿಡುವ ಕಾರ್ಯಕ್ರಮ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಜರಿ ಅಲ್ಲೇ ಕಡಿದು ಸೀರೆ ಸೀಳುತ್ತದೆ ಎನ್ನುವುದು ಅವಳಿಗೆ ಅವಳತ್ತೆ ಕಲಿಸಿದ ವಿಜ್ಞಾನ. ಎರಡು ವರ್ಷದ ಹಿಂದೆ ಇಂಥದೇ ಒಂದು ಭಾನುವಾರ ನಾನು ಒಂದೂವರೆ ಲಕ್ಷದ ಹೊಸ ಫೋನನ್ನು ಅವಳ ಮುಂದೆ ಪುಸ್ತಕದಂತೆ ಬಿಚ್ಚಿ ಹಿಡಿದೆ. ಕನ್ನಡಕ ಸರಿಮಾಡಿಕೊಂಡು ಪರದೆಯ ನಡುವಿನ ಗೆರೆಯ ಮೇಲೆ ಬೆರಳಾಡಿಸಿದಳು.

‘ಇಲ್ಲೇ ದಿನಾ ಮಡಿಸ್ತೀಯಾ?’

‘ಹೂಂ.’

‘ಮಡಿಕೆ ಬದಲಾಯಿಸೋಕೆ ಬರಲ್ವಾ?’

‘ಇಲ್ಲಮ್ಮ.’

‘ಹಂಗಾದ್ರೆ ಹೋಯ್ತು ಬಿಡು’ ಎಂದು ಸೀರೆಗೆ ವಾಪಸಾದಳು.

ಆಮೇಲೆ ನಾನು ಓದಿದ, ನೋಡಿದ ಯಾವ ವಿಮರ್ಶೆಯೂ ಇಷ್ಟು ಚಿಕ್ಕದಾಗಿ ಇಷ್ಟು ಸರಿಯಾಗಿ ಹೇಳಿಲ್ಲ. ಫೋನನ್ನು ಒಂದು ವಾರ ಇಟ್ಟುಕೊಂಡು ವಿಮರ್ಶೆ ಬರೆಯುವುದೆಂದರೆ ಮದುವೆಯೂಟ ಉಂಡು ಬಂದು ಸಂಸಾರದ ಬಗ್ಗೆ ಬರೆದಂತೆ. ನನ್ನದು ಇಪ್ಪತ್ನಾಲ್ಕು ಕಂತು ಕಟ್ಟಿ ಮುಗಿಸಿದವನ ಮಾತು. ಹೋಲಿಕೆಗೆ ಮನೆಯಲ್ಲೇ ಇನ್ನೊಂದು ಮಾದರಿಯೂ ಇದೆ. ನನ್ನದು ಪುಸ್ತಕದ ಹಾಗೆ ಅಗಲಕ್ಕೆ ಬಿಚ್ಚುವ ಜಾತಿ, ಭಾಮೈದನದು ಪೌಡರ್ ಡಬ್ಬಿಯ ಹಾಗೆ ಟಪ್ಪೆಂದು ಮುಚ್ಚುವ ಜಾತಿ. ಇವೆರಡರ ಕಂಪನಿಗಳ ಹೆಸರು ಬೇಡ. ಎರಡರ ವಾರಂಟಿಯೂ ಮುಗಿದಿದೆ, ನಮ್ಮಿಬ್ಬರ ಮರ್ಯಾದೆ ಸ್ವಲ್ಪ ಉಳಿದಿದೆ.

ಮಡಿಚುವ ಫೋನು ಎನ್ನುತ್ತಾರಲ್ಲ, ಬಳಸಿದ ಮೇಲೆ ಗೊತ್ತಾಯಿತು, ಅದು ನಿಜವಾಗಿ ಮಡಿಯ ಫೋನು. ಒದ್ದೆ ಕೈಯಲ್ಲಿ ಮುಟ್ಟಬಾರದು. ಹಿಟ್ಟಿನ ಕೈಯಲ್ಲಿ ಮುಟ್ಟಬಾರದು. ಒಳಪರದೆಯನ್ನು ಉಗುರಿನಿಂದ ಒತ್ತಬಾರದು ಎಂದು ಕೈಪಿಡಿಯಲ್ಲೇ ಬರೆದಿದೆ. ಮುಚ್ಚುವಾಗ ನಡುವೆ ಮರಳಿನ ಕಣ, ನಾಣ್ಯ, ಬೀಗದ ಕೈ ಏನೂ ಇರಬಾರದು. ನಮ್ಮಜ್ಜಿ ಮಡಿಯುಟ್ಟು ಅಡುಗೆಮನೆಯಲ್ಲಿದ್ದಾಗ ನಾವು ಮಕ್ಕಳು ಬಾಗಿಲಾಚೆಯೇ ನಿಂತು ಕೂಗುತ್ತಿದ್ದೆವು. ಈಗ ನನ್ನ ಮಗಳು ಅಷ್ಟೇ ದೂರದಲ್ಲಿ ನಿಂತು ‘ಅಪ್ಪಾ, ಮುಟ್ಟಲ್ಲ, ನೋಡ್ಲಾ?’ ಎಂದು ಕೇಳುತ್ತಾಳೆ.

ಮಡಿಗೆ ಕಾರಣವಿಲ್ಲದೆ ಇಲ್ಲ. ಗಾಜು ಮಡಿಚಬೇಕಾದರೆ ಕೂದಲೆಳೆಗಿಂತ ತೆಳ್ಳಗಿರಬೇಕು. 2020ರಲ್ಲಿ ಸ್ಯಾಮ್‌ಸಂಗ್ ತನ್ನ ಝಡ್ ಫ್ಲಿಪ್‌ಗೆ ಹಾಕಿದ ಗಾಜು ಸುಮಾರು 30 ಮೈಕ್ರಾನ್. ಅಷ್ಟು ತೆಳು ಗಾಜನ್ನು ಬರಿದೇ ಬಿಡುವಂತಿಲ್ಲವೆಂದು ಮೇಲೊಂದು ಪ್ಲಾಸ್ಟಿಕ್ ಪದರ. ಅಂದರೆ ಗಾಜಿಗೆ ದುಡ್ಡು ಕೊಟ್ಟು ಜೀವನವಿಡೀ ಪ್ಲಾಸ್ಟಿಕ್ಕನ್ನು ಸವರುತ್ತಿರುವುದು. ಸೋಫಾ ಕೊಂಡು ಅದರ ಪ್ಲಾಸ್ಟಿಕ್ ಕವರು ತೆಗೆಯದೆ ಕೂರುವ ನಮ್ಮ ದೊಡ್ಡಮ್ಮನ ಮನೆ ನೆನಪಾಗುತ್ತದೆ. ವ್ಯತ್ಯಾಸವೆಂದರೆ ದೊಡ್ಡಮ್ಮನ ಕವರು ಕಿತ್ತರೆ ಸೋಫಾ ಸಾಯುವುದಿಲ್ಲ.

ಇದು ಬರೀ ತಮಾಷೆಯಲ್ಲ. 2019ರ ಫೆಬ್ರವರಿಯಲ್ಲಿ ಮೊದಲ ಗ್ಯಾಲಕ್ಸಿ ಫೋಲ್ಡ್ ಅನ್ನು ತೋರಿಸಿ ಜಗತ್ತಿನ ಬಾಯಲ್ಲಿ ನೀರೂರಿಸಿದರು. ಏಪ್ರಿಲ್‌ನಲ್ಲಿ ವಿಮರ್ಶಕರ ಕೈಗೆ ಕೊಟ್ಟರು. ಹೊಸ ಫೋನಿಗೆ ಅಂಟಿಸಿರುವ ಹಾಳೆಯನ್ನು ಎಲ್ಲರೂ ಕೀಳುವ ಹಾಗೆ ಕೆಲವರು ಮೇಲಿನ ಪದರವನ್ನು ಕಿತ್ತರು. ಅದು ಹಾಳೆಯಲ್ಲ, ಪರದೆಯ ಚರ್ಮ. ಫೋನು ಸತ್ತಿತು. ಕೀಳದೆ ಸುಮ್ಮನಿದ್ದವರ ಪೈಕಿ ಒಬ್ಬರಿಗೆ ಪರದೆಯ ಕೆಳಗೆ ಕಸ ಸೇರಿ ಗಂಟೆದ್ದಿತು. ಮಾರಾಟ ಸೆಪ್ಟೆಂಬರಿಗೆ ಮುಂದಕ್ಕೆ ಹೋಯಿತು. ಅಕ್ಟೋಬರಿನಲ್ಲಿ ಭಾರತಕ್ಕೆ ಬಂದಾಗ ಬೆಲೆ 1,64,999 ರೂಪಾಯಿ. ಕಿತ್ತರೆ ಸಾಯುವ, ಕೀಳದಿದ್ದರೂ ಸಾಯಬಹುದಾದ ವಸ್ತುವಿಗೆ ನಮ್ಮ ಜನ ಸರದಿ ನಿಂತು ಮುಂಗಡ ಕೊಟ್ಟರು. ಹಳ್ಳಿಯಲ್ಲಿ ಎತ್ತು ಕೊಳ್ಳುವವನು ಕೂಡ ಮೊದಲು ಹಲ್ಲು ಹಿಡಿದು ನೋಡುತ್ತಾನೆ.

ಮುಂದೆ ಸುಧಾರಣೆಯ ಯುಗ. 2021ರ ಫೋಲ್ಡ್ 3ಕ್ಕೆ ಐಪಿಎಕ್ಸ್8 ಎಂಬ ಬಿರುದು ಬಂತು. 8 ಅಂದರೆ ನೀರಿಗೆ ಹೆದರುವುದಿಲ್ಲ. ಎಕ್ಸ್ ಅಂದರೆ ಧೂಳಿನ ವಿಷಯ ಎತ್ತಬೇಡಿ. 2024ರ ಫೋಲ್ಡ್ 6ರ ಹೊತ್ತಿಗೆ ಅದು ಐಪಿ48 ಆಯಿತು. ಇಲ್ಲಿ 4 ಅಂದರೆ ಒಂದು ಮಿಲಿಮೀಟರಿಗಿಂತ ದಪ್ಪನೆಯದು ಒಳಗೆ ನುಗ್ಗದು. ಅಂದರೆ ರಾಗಿ ಕಾಳು ಹೋಗುವುದಿಲ್ಲ. ರಾಗಿ ಹಿಟ್ಟಿನ ಬಗ್ಗೆ ಕಂಪನಿ ಮೌನ. ಬೆಂಗಳೂರಿನ ಹೊರವರ್ತುಲ ರಸ್ತೆಯ ಧೂಳೆಲ್ಲ ಇನ್ನು ಮುಂದೆ ರಾಗಿ ಕಾಳಿನ ಗಾತ್ರದಲ್ಲೇ ಹಾರಾಡತಕ್ಕದ್ದು ಎಂದು ಪಾಲಿಕೆಯವರೊಂದು ಸುತ್ತೋಲೆ ಹೊರಡಿಸಿದರೆ ತಂತ್ರಜ್ಞಾನಕ್ಕೆ ಉಪಕಾರವಾದೀತು. 2025ರಲ್ಲಿ ಗೂಗಲ್‌ನ ಪಿಕ್ಸೆಲ್ 10 ಪ್ರೊ ಫೋಲ್ಡ್ ಐಪಿ68 ಎಂದು ಬಂದು ಹಿಟ್ಟಿಗೂ ಬಾಗಿಲು ಹಾಕಿತು. ಅಷ್ಟು ಹೊತ್ತಿಗೆ ನನ್ನ ಕಂತು ಅರ್ಧ ಮುಗಿದಿತ್ತು.

ಇನ್ನು ಎರಡು ಲಕ್ಷ ಮಡಿಕೆಯ ಲೆಕ್ಕ. ದಿನಕ್ಕೆ ನೂರು ಸಲ ಮಡಿಚಿದರೂ ಐದು ವರ್ಷ ಬಾಳುತ್ತದೆ, ಒಟ್ಟು ಎರಡು ಲಕ್ಷ ಮಡಿಕೆ ಎಂದು ಮೊದಲ ಫೋಲ್ಡ್‌ನ ಕಾಲದಿಂದಲೂ ಸ್ಯಾಮ್‌ಸಂಗ್ ಹೇಳಿಕೊಂಡು ಬಂತು. 2025ರಲ್ಲಿ ಹೊಸ ಪರದೆಗೆ ಅದು ಐದು ಲಕ್ಷವಾಯಿತು. ಮೊದಲ ವಾರ ನಾನೂ ದಿನಕ್ಕೆ ಇನ್ನೂರು ಸಲ ಬಿಚ್ಚಿ ಮುಚ್ಚಿದವನೇ. ನೇರಳೆ ಮಾರ್ಗದ ಮೆಟ್ರೊದಲ್ಲಿ ಎದುರು ಕೂತವರು ನೋಡಲಿ ಎಂದು ಸಮಯ ನೋಡುವುದಕ್ಕೂ ಬಿಚ್ಚುತ್ತಿದ್ದೆ. ಮೂರನೇ ತಿಂಗಳಿಗೆ ದಿನಕ್ಕೆ ಮೂವತ್ತು. ಈಗ ಮೂರು. ದಿನಕ್ಕೆ ಮೂರರಂತೆ ಎರಡು ಲಕ್ಷ ಮಡಿಕೆ ಮುಗಿಯಲು 182 ವರ್ಷ ಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಬದುಕಿದ್ದಾಗ ಕೊಂಡಿದ್ದರೆ ಇದರ ಕೀಲು ಇವತ್ತಿಗೆ ಎಣ್ಣೆ ಕೇಳುತ್ತಿತ್ತು. ಕಂಪನಿಯ ಲೆಕ್ಕ ತಪ್ಪಿಲ್ಲ. ಮನುಷ್ಯನ ಚಪಲ ಎಷ್ಟು ದಿನ ಬಾಳುತ್ತದೆ ಎಂದು ಯಾವ ಯಂತ್ರದಲ್ಲೂ ಅವರು ಪರೀಕ್ಷೆ ಮಾಡಿಲ್ಲ ಅಷ್ಟೇ.

ಯಾಕೆ ಮೂರಕ್ಕೆ ಇಳಿಯಿತು? ಬಿಚ್ಚಲು ಎರಡು ಕೈ ಬೇಕು. ದರ್ಶಿನಿಯ ಮುಂದೆ ನಿಂತವನಿಗೆ ಇರುವುದೇ ಎರಡು ಕೈ. ಒಂದರಲ್ಲಿ ಇಡ್ಲಿ ತಟ್ಟೆ, ಇನ್ನೊಂದರಲ್ಲಿ ಕಾಫಿ ಲೋಟ. ಕಲ್ಲಿನ ಮೇಜಿನ ಮೇಲೆ ಇಡೋಣವೆಂದರೆ ಹಿಂದಿನವರ ಸಾಂಬಾರು. ಹಣ ಕಟ್ಟುವ ಕಡೆ ನಾನು ಶಾಸ್ತ್ರೋಕ್ತವಾಗಿ ಬಿಚ್ಚಿ, ಒಂದು ತಟ್ಟೆಯಷ್ಟಗಲದ ಪರದೆಯನ್ನು ಕ್ಯೂಆರ್ ಕೋಡಿನ ಮುಂದೆ ಎರಡೂ ಕೈಯಲ್ಲಿ ಮಂಗಳಾರತಿಯ ಹಾಗೆ ಹಿಡಿದಾಗ ಹಿಂದಿನಿಂದ ‘ಸಾರ್, ಫೋಟೊ ಆಮೇಲೆ ತೆಗೀರಿ, ಬಿಲ್ ಮಾಡಿಸಿ’ ಎಂಬ ದನಿ ಬಂತು. ಅಂದಿನಿಂದ ಹೊರಪರದೆಯೇ ಗತಿ. ಹೊರಪರದೆಯಲ್ಲಿ ಹದಿನೈದು ಸಾವಿರದ ಫೋನು ಮಾಡುವುದನ್ನೆಲ್ಲ ಇದೂ ಮಾಡುತ್ತದೆ, ಭಾರ ಮಾತ್ರ ಸ್ವಲ್ಪ ಜಾಸ್ತಿ.

ಭಾಮೈದನದು ಉಲ್ಟಾ ಕಥೆ. ಅವನು ತೆರೆದದ್ದನ್ನು ಮುಚ್ಚುವುದಿಲ್ಲ. ಮೊದಮೊದಲು ಮ್ಯಾನೇಜರ್ ಫೋನು ಬಂದಾಗ ‘ಸರಿ ಸಾರ್’ ಎಂದು ಟಪ್ಪೆಂದು ಮುಚ್ಚುವ ಸುಖಕ್ಕಾಗಿಯೇ ಅದನ್ನು ಕೊಂಡೆ ಎನ್ನುತ್ತಿದ್ದ. ಹದಿನಾಲ್ಕು ತಿಂಗಳಿಗೆ ಮಡಿಕೆಯ ಉದ್ದಕ್ಕೂ ಪ್ಲಾಸ್ಟಿಕ್ ಪದರ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಗುಳ್ಳೆಯೆದ್ದಿತು. ಮುಚ್ಚಿದಷ್ಟೂ ಗುಳ್ಳೆ ಬೆಳೆಯುತ್ತದೆ ಎಂದು ಯಾರೋ ಹೇಳಿದರು. ಈಗ ಹಗಲೂ ರಾತ್ರಿ ತೆರೆದೇ ಇಟ್ಟಿರುತ್ತಾನೆ. ಮಲಗುವಾಗ ದಿಂಬಿನ ಪಕ್ಕ ಸರ್ಪಗಾವಲು. ಹೀಗೆ ನಮ್ಮ ಮನೆಯಲ್ಲಿ ಮಡಿಚುವ ಫೋನು ಎರಡಿವೆ. ಒಂದನ್ನು ತೆರೆಯುವುದಿಲ್ಲ, ಇನ್ನೊಂದನ್ನು ಮುಚ್ಚುವುದಿಲ್ಲ.

ಅವನ ಜೊತೆ ಸರ್ವೀಸ್ ಸೆಂಟರಿಗೆ ನಾನೂ ಹೋಗಿದ್ದೆ. ಟೋಕನ್ ತೆಗೆದುಕೊಂಡು ಒಂದೂವರೆ ಗಂಟೆ ಕೂತ ಮೇಲೆ ಹುಡುಗನೊಬ್ಬ ಫೋನನ್ನು ದೀಪಕ್ಕೆ ಹಿಡಿದು ನೋಡಿ, ‘ಸಾರ್, ಪದರ ಬದಲಾಯಿಸಬಹುದು. ಬದಲಾಯಿಸೋವಾಗ ಡಿಸ್‌ಪ್ಲೇ ಹೋದ್ರೆ ನಮ್ಮ ಜವಾಬ್ದಾರಿ ಅಲ್ಲ, ಇಲ್ಲೊಂದು ಸೈನ್ ಹಾಕಿ’ ಅಂದ. ಆಪರೇಷನ್ ಥಿಯೇಟರಿನ ಹೊರಗೆ ಹಾಕಿಸಿಕೊಳ್ಳುವ ಸಹಿ ಅದು. ಡಿಸ್‌ಪ್ಲೇ ಹೋದರೆ ಎಷ್ಟಾಗುತ್ತೆ ಎಂದು ಕೇಳಿದೆವು. ಅವನು ಹೇಳಿದ ದರಕ್ಕೆ ನಮ್ಮೂರಲ್ಲಿ ಕರು ಸಮೇತ ಹಸು ಬರುತ್ತದೆ. ಭಾಮೈದ ಸಹಿ ಹಾಕಲಿಲ್ಲ. ಎಸ್.ಪಿ. ರಸ್ತೆಗೆ ಹೋದೆವು. ಅಲ್ಲಿನವರು ನೀರಿಗೆ ಬಿದ್ದ ಫೋನು, ಲಾರಿ ಹತ್ತಿದ ಫೋನು ಎಲ್ಲವನ್ನೂ ಎಬ್ಬಿಸಿ ಕೂರಿಸುವ ಧನ್ವಂತರಿಗಳು. ಇದನ್ನು ನೋಡಿದ ಕೂಡಲೇ ಅಂಗಡಿಯವರು ಕೈಯನ್ನೇ ಹಿಂದಕ್ಕೆ ಕಟ್ಟಿಕೊಂಡರು. ‘ಇದಕ್ಕೆ ನಾವು ಕೈ ಹಾಕಲ್ಲ ಸಾರ್. ಮುಟ್ಟಿದ್ರೆ ನಮ್ಮ ಮೇಲೇ ಬರುತ್ತೆ.’ ಮತ್ತೆ ಮಡಿ.

‘ಭಾವ, ನಿಮ್ಮದೇ ವಾಸಿ ಅಲ್ವಾ? ದೊಡ್ಡ ಪರದೆ, ಸಿನಿಮಾ ನೋಡಬಹುದು’ ಎಂದ ದಾರಿಯಲ್ಲಿ. ಅಲ್ಲೂ ಒಂದು ಮೋಸವಿದೆ. ಬಿಚ್ಚಿದಾಗ ಪರದೆ ಹೆಚ್ಚುಕಡಿಮೆ ಚೌಕ. ಸಿನಿಮಾ ಚೌಕವಲ್ಲ, ಉದ್ದಕ್ಕೆ ಮಲಗಿದ ಪಟ್ಟಿ. ಮೇಲೆ ಕೆಳಗೆ ಕಪ್ಪು ಬಳಿದು ಚಿತ್ರ ನಡುವೆ ಓಡುತ್ತದೆ, ಮಾಮೂಲಿ ಫೋನನ್ನು ಅಡ್ಡ ಹಿಡಿದದ್ದಕ್ಕಿಂತ ಒಂದಿಷ್ಟು ದೊಡ್ಡದಾಗಿ. ಪರಾತದಲ್ಲಿ ಸೆಟ್ ದೋಸೆ ಬಡಿಸಿದಂತೆ. ಹೀರೊಯಿನ್ನಿನ ಮುಖದ ನಡುವೆ ಮಡಿಕೆಯ ಗೆರೆ ಹಾಯುವುದು ಬೇರೆ.

ಸುಳ್ಳು ಹೇಳಬಾರದು, ಒಂದು ಕೆಲಸಕ್ಕೆ ಇದರ ಸಮಾನವಿಲ್ಲ. ಪಹಣಿ ಓದಲು. ಅದರ ಸಾಲು ಸಾಲು ಅಂಕಣಗಳನ್ನು ಮಾಮೂಲಿ ಫೋನಿನಲ್ಲಿ ಓದಲು ಹೋದರೆ ಸರ್ವೆ ನಂಬರು ನೋಡುವಾಗ ಹೆಸರು ಮಾಯ, ಹೆಸರು ನೋಡುವಾಗ ವಿಸ್ತೀರ್ಣ ಮಾಯ. ನನ್ನ ಫೋನಿನಲ್ಲಿ ಎಲ್ಲವೂ ಒಟ್ಟಿಗೆ ಕಾಣುತ್ತದೆ. ದಿನಪತ್ರಿಕೆಯ ಪುಟವೂ ಹಾಗೆಯೇ, ಕಣ್ಣು ಕಿರಿದು ಮಾಡದೆ ಓದಬಹುದು. ಪುಸ್ತಕದ ಜಾತಿಯೋ ಡಬ್ಬಿಯ ಜಾತಿಯೋ ಎಂದು ಕೇಳುವವರಿಗೆ ನನ್ನ ತೀರ್ಪು ಇದು: ಓದುವ ಚಟವಿದ್ದರೆ ಪುಸ್ತಕ, ಜೇಬು ಚಿಕ್ಕದಿದ್ದರೆ ಡಬ್ಬಿ, ಎರಡೂ ಇಲ್ಲದಿದ್ದರೆ ಸುಮ್ಮನೆ ಮನೆಯಲ್ಲಿರಿ. ನನಗೆ ಪಹಣಿ ನೋಡುವ ಯೋಗ ಬರುವುದು ವರ್ಷಕ್ಕೆರಡು ಸಲ, ಅಮ್ಮ ಸೀರೆ ಮಡಿಕೆ ಬದಲಿಸುವಷ್ಟೇ ಸಲ. ನಾಡಕಚೇರಿಯಲ್ಲಿ ಚಿಲ್ಲರೆ ಕಾಸಿಗೆ ಪ್ರಿಂಟ್ ಕೊಡುತ್ತಾರೆ, ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರೂ ಏನೂ ಆಗುವುದಿಲ್ಲ.

ಕಂಪನಿಗಳು ಸುಮ್ಮನೆ ಕೂತಿಲ್ಲ. ಮೊದಲ ಫೋಲ್ಡ್ ಮುಚ್ಚಿದಾಗ ಕೀಲಿನ ಕಡೆ 17 ಮಿಲಿಮೀಟರ್ ದಪ್ಪವಿತ್ತು. ಆರು ವರ್ಷ ಪಥ್ಯ ಮಾಡಿ 2025ರ ಫೋಲ್ಡ್ 7 ಅದನ್ನು 8.9ಕ್ಕೆ ಇಳಿಸಿತು, ತೂಕ 215 ಗ್ರಾಮಿಗೆ ಬಂತು. ಪಥ್ಯದಲ್ಲಿ ಪೆನ್ನಿನ ಸೌಲಭ್ಯ ಹೋಯಿತು. ಬ್ಯಾಟರಿ ಫೋಲ್ಡ್ 3ರಲ್ಲಿದ್ದ 4400 ಎಂಎಎಚ್‌ನಲ್ಲೇ ನಿಂತಿತು. ಬಂದಾಗ ಬೆಲೆ 1,74,999 ಇತ್ತು. ಏಳು ತಲೆಮಾರು ತಪಸ್ಸು ಮಾಡಿ ಸಾಧಿಸಿದ್ದೇನೆಂದರೆ ಮುಚ್ಚಿಟ್ಟಾಗ ಅದು ಈಗ ಮಾಮೂಲಿ ಫೋನಿನಂತೆಯೇ ಕಾಣುತ್ತದೆ! ಅತ್ತ ಚೀನಾದಲ್ಲಿ ಹುವಾವೆಯವರು 2024ರ ಸೆಪ್ಟೆಂಬರಿನಲ್ಲೇ ಎರಡು ಕೀಲು, ಮೂರು ಹಲಗೆಯ ಮೇಟ್ ಎಕ್ಸ್‌ಟಿ ಬಿಟ್ಟರು, 19,999 ಯುವಾನ್‌ಗೆ, ನಮ್ಮ ಲೆಕ್ಕದಲ್ಲಿ ಎರಡೂಕಾಲು ಲಕ್ಷದ ಮೇಲೆ. ಇಮ್ಮಡಿ ಮುಗಿದು ಮುಮ್ಮಡಿಯ ಆಳ್ವಿಕೆ ಶುರುವಾಗಿದೆ. ಅಮ್ಮನಿಗೆ ಅದರ ಚಿತ್ರ ತೋರಿಸಿದೆ. ‘ಎರಡು ಕಡೆ ಸೀಳತ್ತೆ’ ಅಂದಳು.

ಮೊನ್ನೆ ಅಂಗಡಿಯಲ್ಲಿ ನನ್ನದನ್ನು ಕೊಟ್ಟು ಬೇರೆ ಫೋನು ಕೊಳ್ಳೋಣವೆಂದು ಕೇಳಿದೆ. ಹುಡುಗ ಬಿಚ್ಚಿದ, ನಡುವಿನ ಗೆರೆಯ ಮೇಲೆ ಬೆರಳಾಡಿಸಿದ, ಥೇಟ್ ಅಮ್ಮನ ಹಾಗೆ, ಮುಚ್ಚಿ ಗಾಜಿನ ಮೇಲಿಟ್ಟು ಹದಿನೆಂಟು ಸಾವಿರ ಅಂದ. ಅದಕ್ಕೇ ಓದುಗರಲ್ಲಿ ಒಂದು ಮನವಿ: ಫೋನು ಮಾರಾಟಕ್ಕಿದೆ. ಒಳಪರದೆ ಬಹಳ ಕಡಿಮೆ ಓಡಿದೆ, ಇನ್ನೂ ನೂರೆಂಬತ್ತು ವರ್ಷದ ಮಡಿಕೆ ಬಾಕಿಯಿದೆ. ನೋಡಲು ಬರುವವರು ಉಗುರು ಕತ್ತರಿಸಿಕೊಂಡು, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬನ್ನಿ.