ಆಕಾರ ಮೀಮಾಂಸೆ: ಸ್ಟಾಫರ್ಡ್ ಶಾಖೆ

ಅರ್ಧ ಮಾತ್ರೆ ಉಳಿಸಿದರೂ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷವಂತೆ. ಹಾಗಿದ್ದರೆ ಎರಡೇ ಮಾತ್ರೆಯ ‘ಆ’ ಎಂಬ ಸ್ವರದಲ್ಲಿ ಇಡೀ ಸಂಸಾರ ತೂಗಿಸುವವರ ಮನೆಯಲ್ಲಿ ಎಷ್ಟು ತೊಟ್ಟಿಲು ಕಟ್ಟಬೇಕು? ಈ ಜಟಿಲ ಪ್ರಶ್ನೆಯನ್ನು ಪ್ರಬಂಧಕಾರನು ಟೆಕ್ಸಸ್ಸಿನ ಹ್ಯೂಸ್ಟನ್ ಮಗ್ಗುಲಲ್ಲಿರುವ ಸ್ಟಾಫರ್ಡ್ ಊರಲ್ಲಿ ಕೂತು ಬಿಡಿಸಲು ಹೊರಟಿದ್ದಾನೆ. ಸ್ಟಾಫರ್ಡೇ ಏಕೆಂದರೆ, ಅಲ್ಲಿ ಮಗಳು ಅಳಿಯ ಇದ್ದಾರೆ. ಸಂಶೋಧನೆಗೆ ಊಟ ವಸತಿ ಧರ್ಮಾರ್ಥ.

ಹ್ರಸ್ವ ದೀರ್ಘಗಳ ಭೇದವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ರೋಮನ್ ಲಿಪಿಯೇ ಹಿಡಿಯದಿರುವಾಗ ನಮಗೇಕೆ ಉಸಾಬರಿ? ಪಾಣಿನಿ ಮಹರ್ಷಿಗಳು ಸುಮಾರು 4000 ಸೂತ್ರಗಳ ಅಷ್ಟಾಧ್ಯಾಯಿಯನ್ನು ಮುಗಿಸಿದ್ದು ಬರೀ ಎರಡು ಅಕಾರಗಳ ಸೂತ್ರದಿಂದ. ಅಷ್ಟು ಬರೆದ ಮೇಲೆ ಯಾರ ಬಾಯಲ್ಲಾದರೂ ಬರುವುದು ಅಷ್ಟೇ ಎಂದು ಅಳಿಯನ ಮತ. ಅಳಿಯನೊಡನೆ ವಾದ ಶಾಸ್ತ್ರಸಮ್ಮತವಲ್ಲ.

ಮೊದಲು ಐರಿಷ್ ಪ್ರಕರಣ. ಆ ಭಾಷೆಯಲ್ಲಿ ‘ಅ’ ಎಂದರೆ ಅವನ. ಅವಳ ಎಂದರೂ ‘ಅ’. ಅವರ ಎಂದರೂ ‘ಅ’ವೇ. ಹಾಗಾದರೆ ಬೆಕ್ಕು ಯಾರದೆಂದು ತಿಳಿಯುವುದು ಹೇಗೆ? ಐರಿಷಿನಲ್ಲಿ ಬೆಕ್ಕಿಗೆ ‘ಕತ್’ ಎನ್ನುತ್ತಾರೆ. ಅವನ ಬೆಕ್ಕಾದರೆ ಗಂಟಲು ಕೆರೆದು ‘ಅ ಖತ್’; ಅವಳದಾದರೆ ಇದ್ದ ಹಾಗೇ ‘ಅ ಕತ್’; ಅವರೆಲ್ಲರದಾದರೆ ‘ಅ ಗತ್’. ಒಡೆತನ ಬದಲಾದರೆ ಬೆಕ್ಕಿನ ಮೊದಲಕ್ಷರವೇ ಬದಲು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ನಾವು ಇನ್ನೂ ಕೇಳುತ್ತಿದ್ದೇವೆ. ಐರಿಷರು ಕಟ್ಟಿ ಎಷ್ಟೋ ಕಾಲವಾಯಿತು.

‘ಅ ಗತ್’ ಎಂಬಲ್ಲಿ ವಿದ್ವಾಂಸರು ಎದ್ದು ನಿಲ್ಲಬೇಕು. ಕಕಾರ ಗಕಾರವಾಗಿದೆ! ಐರಿಷಿನಲ್ಲಿ ಇದೇ ಜಾಗದಲ್ಲಿ ತಕಾರ ದಕಾರವೂ ಪಕಾರ ಬಕಾರವೂ ಆಗುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಹೊಸ ಮತ್ತು ಕನ್ನಡ ಸೇರಿ ಹೊಸಗನ್ನಡ ಎಂದು ಏಳನೇ ಕ್ಲಾಸಿನಲ್ಲಿ ಬೆತ್ತದ ಸಮ್ಮುಖದಲ್ಲಿ ಕಲಿತವರಿಗೆ ಇದು ಸಾಕ್ಷಾತ್ ಆದೇಶ ಸಂಧಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಕನ್ನಡ ಗುರುತಿಸಿದ್ದರು. ಅವರಿಗೆ ಒಂದು ಹಸ್ತಪ್ರತಿ ಬೇಕಾಗಿತ್ತು. ನಮಗೆ ಒಂದು ಬೆಕ್ಕು ಸಾಕು. ಐರಿಷರು ಮೂಲತಃ ಕನ್ನಡಿಗರೆಂದು ಇದರಿಂದ ಸಿದ್ಧ. ಮಳೆಗಾಲ ಮುಗಿಯದ ದೇಶದಲ್ಲಿ ನೆಲೆಸಿದ್ದು ನೋಡಿದರೆ ಆಗುಂಬೆ ಕಡೆಯವರೇ ಇರಬೇಕು.

ಸಂಬೋಧನೆಯಲ್ಲೂ ಇದೇ ನಂಟು. ಐರಿಷರು ಕರೆಯುವಾಗ ‘ಅ’ವನ್ನು ಹೆಸರಿನ ಮುಂದಿಡುತ್ತಾರೆ, ನಾವು ‘ಆ’ವನ್ನು ಬಾಲಕ್ಕೆ ಕಟ್ಟುತ್ತೇವೆ: ರಾಮಾ! ದೂರದಿಂದ ಕರೆದರೆ ಪ್ಲುತ, ಮೂರು ಮಾತ್ರೆ. ಆದರೆ ಟೆಕ್ಸಸ್ಸಿನ ಪಾರ್ಕಿಂಗ್ ಲಾಟಿನ ಆ ತುದಿಯಲ್ಲಿರುವ ಮೊಮ್ಮಗನನ್ನು ಕರೆಯಲು ಮೂರು ಮಾತ್ರೆ ಸಾಲದು. ಐದಾದರೆ ಅವನು ಕೇಳಿಸಿಕೊಳ್ಳುತ್ತಾನೆ, ಆರಾದರೆ ಸೆಕ್ಯೂರಿಟಿಯವರೂ ಬರುತ್ತಾರೆ.

ಉಳಿದ ಭಾಷೆಗಳು ಬೇಗ ಮುಗಿಯುತ್ತವೆ. ಹಂಗೇರಿಯನ್ನಿನಲ್ಲಿ ‘ಅ’ ನಿಶ್ಚಿತ, ಇಂಗ್ಲಿಷಿನಲ್ಲಿ ಅನಿಶ್ಚಿತ. ಫ್ರೆಂಚಿನಲ್ಲಿ ಉಂಟು, ಸಂಸ್ಕೃತದಲ್ಲಿ ಇಲ್ಲ. ಉಂಟು ಇಲ್ಲಗಳ ನಡುವೆ ವೇದಾಂತಿಗಳು ಇಷ್ಟು ಕಾಲ ಒದ್ದಾಡಿದ್ದು ವೀಸಾ ಇಲ್ಲದ್ದರಿಂದ ಎಂದು ನಮ್ಮ ಊಹೆ. ಸ್ಪ್ಯಾನಿಷಿನಲ್ಲಿ ‘ಆ’ ಎಂದರೆ ನಮ್ಮ ‘ಗೆ’ ಪ್ರತ್ಯಯ, ‘ಆ ಸ್ಟಾಫರ್ಡ್’ ಎಂದರೆ ಸ್ಟಾಫರ್ಡಿಗೆ. 1836ರ ಏಪ್ರಿಲಿನಲ್ಲಿ ಮೆಕ್ಸಿಕೋದ ಸಾಂತಾ ಆನಾನ ಸೇನೆ ವಿಲಿಯಂ ಸ್ಟಾಫರ್ಡ್ ಎಂಬಾತನ ಇಲ್ಲಿನ ತೋಟಕ್ಕೆ ಬಂದು ಬೆಂಕಿ ಇಟ್ಟಿತು. ದಂಡಿನಲ್ಲಿ ಒಬ್ಬನೇ ಒಬ್ಬ ಕನ್ನಡಿಗ ಇದ್ದಿದ್ದರೆ, ಈ ಸ್ಟಾಫರ್ಡ್ ಅಲ್ಲ ಸ್ವಾಮಿ, ಆ ಸ್ಟಾಫರ್ಡ್ ಎಂದು ಎಲ್ಲರನ್ನೂ ಇಂಗ್ಲೆಂಡಿನ ಸ್ಟಾಫರ್ಡಿಗೆ ದಾಟಿಸಿ ತೋಟ ಉಳಿಸುತ್ತಿದ್ದ. ಸೇನೆಯಲ್ಲಿ ನಮ್ಮವರಿಗೆ ಅವಕಾಶ ಸಿಗದಿದ್ದರೆ ಹೀಗೇ ಆಗುವುದು.

ಈಗ ಕ್ಷೇತ್ರಕಾರ್ಯ. ಸ್ಟಾಫರ್ಡಿನಲ್ಲಿ 2004ರಿಂದ ಕೆತ್ತನೆ ಕಲ್ಲಿನ ಸ್ವಾಮಿನಾರಾಯಣ ಮಂದಿರವಿದೆ, ಸುತ್ತ ಗುಜರಾತಿ ಕುಟುಂಬಗಳಿವೆ. ಗುಜರಾತಿಯಲ್ಲಿ ‘ಆ’ ಎಂದರೆ ಇದು. ಕನ್ನಡದಲ್ಲಿ ‘ಆ’ ದೂರದ್ದು. ದಾವಣಗೆರೆಯ ಬೀಗಿತ್ತಿಯೊಬ್ಬರು ಮಿಠಾಯಿ ಅಂಗಡಿಯ ಗಾಜಿನ ಹಿಂದಿದ್ದ ಖಾಂಡ್ವಿಯನ್ನು ತೋರಿಸಿದರು.

“ಆ.”

ಅಂಗಡಿಯ ಬೆನ್ ಮುಂದಿದ್ದ ಢೋಕ್ಲಾದ ಮೇಲೆ ಇಕ್ಕಳವಿಟ್ಟರು. “ಆ?”

“ಅಯ್ಯೋ, ಅದಲ್ಲವಾ. ಆ!”

“ಹಾ, ಆ!” ಎನ್ನುತ್ತ ಬೆನ್ ಢೋಕ್ಲಾ ತುಂಬತೊಡಗಿದರು.

“ಆ ಆ!” ಎಂದರು ಬೀಗಿತ್ತಿ, ಸಾಕು ಎಂಬರ್ಥದಲ್ಲಿ. ಬೆನ್ ಇನ್ನೊಂದು ಡಬ್ಬ ತೆಗೆದರು.

ಕೊನೆಗೆ ಎರಡು ಡಬ್ಬ ಢೋಕ್ಲಾ, ಅರ್ಧ ಡಬ್ಬ ಖಾಂಡ್ವಿ ಮನೆ ಸೇರಿತು. ಹಳಗನ್ನಡದಲ್ಲಿ ಆ, ಈಗಳ ನಡುವೆ ಅಷ್ಟೇನೂ ದೂರವಲ್ಲದ ವಸ್ತುವಿಗೆ ‘ಉ’ ಎಂಬ ಮೂರನೆಯದೂ ಇತ್ತು. ಅದನ್ನು ಕಳೆದುಕೊಂಡಿದ್ದರ ದಂಡವನ್ನು ಇಂದು ಡಾಲರಿನಲ್ಲಿ ತೆರುತ್ತಿದ್ದೇವೆ.

ಆದ್ದರಿಂದ ಸಿದ್ಧಾಂತ: ಸ್ಟಾಫರ್ಡಿನಲ್ಲಿ ‘ಆ’ ಸ್ವರವಲ್ಲ, ಅವ್ಯಯವಲ್ಲ, ಸರ್ವನಾಮವೂ ಅಲ್ಲ. ಅದು ತೋರುಬೆರಳಿನ ಪ್ರತ್ಯಯ. ಪ್ರಕೃತಿಯಾದ ಬೆರಳು ಗಾಜಿಗೆ ತಾಗಿದ ಹೊರತು ಅರ್ಥ ಹುಟ್ಟದು.

ಎರಡನೇ ಸಂಪುಟ ಇಕಾರದ ಮೇಲೆ ಸಿದ್ಧವಾಗುತ್ತಿದೆ. ಸ್ಟಾಫರ್ಡ್ 1995ರಲ್ಲಿ ನಗರದ ಆಸ್ತಿ ತೆರಿಗೆಯನ್ನೇ ಕೈಬಿಟ್ಟ ಊರು. ಹಾಗೆ ಉಳಿಸಿದ ಹಣವಿರುವ ಅಲ್ಲಿನ ಕನ್ನಡಿಗರು ಮುದ್ರಣದ ಖರ್ಚಿಗೆ ದೊಡ್ಡ ಮನಸ್ಸು ಮಾಡಬೇಕಾಗಿ ಪ್ರಾರ್ಥನೆ. ಢೋಕ್ಲಾ ರೂಪದ ದೇಣಿಗೆ ಸ್ವೀಕರಿಸುವುದಿಲ್ಲ.