ಹೆವಿವೇಟ್ ಅಳಿಯ

ಬೈಕುಲ್ಲಾ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲು. ಮಧ್ಯಾಹ್ನ ಮೂರು, ಗಿರಾಕಿಯಿಲ್ಲದ ಹೊತ್ತು. ಗಲ್ಲೆಯಲ್ಲಿ ಮಾವ, ಎದುರಿಗೆ, ನಾಳೆ ರಿಂಗಿಗಿಳಿಯಲಿರುವ ಅಳಿಯ.

“ಮಾವ, ಎದುರಾಳಿ ಯಾರು ಗೊತ್ತುಂಟಾ? ಮುಂದಿನ ಪಟ್ಟ ಅವನಿಗೇ ಅಂತೆ. ಕಳೆದ ಸಲ ಎದುರು ನಿಂತವನು ಇನ್ನೂ ಗಂಜಿಯಲ್ಲೇ ಇದ್ದಾನೆ.”

“ಗಂಜಿ ನಮ್ಮ ಮೆನುವಿನಲ್ಲಿಲ್ಲ ಮಾರಾಯಾ. ನೀನೂ ಹೆವಿವೇಟ್ ಅಲ್ವಾ?”

“ವೃತ್ತಿಪರರಲ್ಲಿ 90.7 ಕಿಲೋ ದಾಟಿದವರೆಲ್ಲ ಹೆವಿವೇಟ್. ಮೇಲೆ ಮಿತಿಯೇ ಇಲ್ಲ. ಅವನದು ನಾಗ್ಪಾಡಾದ ಕಸರತ್ತು, ನನ್ನದು ನಿಮ್ಮ ಬೆಣ್ಣೆ ದೋಸೆ.”

“ಅದರ ಲೆಕ್ಕ ಬರೆದಿಟ್ಟಿದ್ದೇನೆ. ನಮ್ಮ ಬಾಕ್ಸರ್ ಕೌರ್ ಸಿಂಗ್ ಅವರನ್ನು ನೆನೆಸಿಕೊ. 1980ರ ಜನವರಿ, ದಿಲ್ಲಿ. ಸಾಕ್ಷಾತ್ ಮುಹಮ್ಮದ್ ಅಲಿ ಎದುರು ನಾಲ್ಕು ಸುತ್ತು!”

“ಅದು ಪ್ರದರ್ಶನ ಪಂದ್ಯ, ಮಾವ. ಅಲಿಗೆ ಆಗಲೇ 38.”

“ಇರಲಿ. 1982ರ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಬರಲಿಲ್ವಾ?”

“ಅವರು ಸೈನ್ಯದವರು. ನಾನು ಆರನೇ ಟೇಬಲಿನವನು.”

“ಹಾಗಾದರೆ ಒಂದೇ ಉಪಾಯ. ಗಂಟೆ ಹೊಡೆದ ಕೂಡಲೇ ಅವನನ್ನು ತಬ್ಬಿಕೊ.”

“ರೆಫರಿ ಬಿಡಿಸುತ್ತಾನೆ.”

“ಮತ್ತೆ ತಬ್ಬಿಕೊ. ಸಂಜೆ ಆರರ ಕಲ್ಯಾಣ್ ಲೋಕಲ್ಲಿನಲ್ಲಿ ಜನ ಬದುಕುವುದೇ ಹಾಗೆ. ಅಲ್ಲಿ ರೆಫರಿಯೂ ಇಲ್ಲ.”

“ನೀವು ನೋಡಲು ಬರ್ತೀರಲ್ಲ?”

“ಬಾರದೆ? ನೂರು ರೂಪಾಯಿ ಕಟ್ಟಿದ್ದೇನೆ, ಎರಡನೇ ಸುತ್ತಿನೊಳಗೆ ಮುಗಿಯುತ್ತದೆ ಅಂತ.”

“ನಾನು ಗೆಲ್ಲುತ್ತೇನೆ ಅಂತಲಾ?”

“ದೋಸೆಯ ಬಾಕಿ ವಸೂಲಾಗಬೇಡ್ವಾ ಮಾರಾಯಾ?”