ಜಾರುಬಂಡೆಯ ಮೇಲಿನ ಬಿಷಪ್ಪರು

ಇಂಗ್ಲೆಂಡಿನ ನಾರ್ವಿಚ್ ಕೆಥೆಡ್ರಲ್‌ಗೆ ಒಂಬತ್ತು ಶತಮಾನ ದಾಟಿದೆ. 2019ರ ಆಗಸ್ಟಿನಲ್ಲಿ ಅದರ ನಟ್ಟನಡುವೆ ಜಾತ್ರೆಯ ಜಾರುಬಂಡೆಯೊಂದು ಎದ್ದಿತು. ಸುಮಾರು ಐವತ್ತು ಅಡಿ ಎತ್ತರ. ಒಂದು ಸಲ ಜಾರಲು ಎರಡು ಪೌಂಡ್. ಜನ ಛಾವಣಿಯ ಕೆತ್ತನೆಗಳನ್ನು ಹತ್ತಿರದಿಂದ ನೋಡಲಿ ಅಂತ ಇಟ್ಟದ್ದಂತೆ. ಬಿಷಪ್ಪರೊಬ್ಬರು ಅದರ ಮೇಲಿಂದಲೇ ಪ್ರಸಂಗ ಮಾಡಿ, ಸುಯ್ಯನೆ ಜಾರಿಕೊಂಡು ಬಂದರು. ಇಷ್ಟು ಸಲೀಸಾಗಿ ಕೆಳಗಿಳಿದ ಚರ್ಚಿನ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

ಅದೇ ಬೇಸಿಗೆಯಲ್ಲಿ ರಾಚೆಸ್ಟರ್ ಕೆಥೆಡ್ರಲ್‌ನೊಳಗೆ ಒಂಬತ್ತು ಕುಳಿಯ ಗಾಲ್ಫ್. 2024ರ ಫೆಬ್ರುವರಿಯಲ್ಲಿ ಕ್ಯಾಂಟರ್ಬರಿಯಲ್ಲಿ ಡಿಸ್ಕೊ. ಅದೂ ಮೌನ ಡಿಸ್ಕೊ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಗ್ಲಾಸು, ತೊಂಬತ್ತರ ದಶಕದ ಹಾಡು. 1170ರಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಕೊಲೆಯಾದದ್ದು ಇದೇ ಕೆಥೆಡ್ರಲ್‌ನಲ್ಲಿ. ಅವರು ದೊರೆಗೆ ತಲೆಬಾಗದೆ ಸತ್ತರು. ಈಗಿನವರು ಡಿಜೆಗೆ ತಲೆ ಕುಣಿಸುತ್ತಾರೆ.

ಕುಣಿಯಲಿ ಬಿಡಿ. ದೇವರು ಇದಕ್ಕಿಂತ ದೊಡ್ಡ ಗದ್ದಲ ಸಹಿಸಿದ್ದಾನೆ. ನನ್ನ ತಕರಾರು ಬೇರೆ. ಗಾಲ್ಫ್ ಆಡಿಸಲು ಇವರಿಗೆ ಯಾವ ದೇವಶಾಸ್ತ್ರವೂ ಅಡ್ಡ ಬರಲಿಲ್ಲ. ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಗಂಡಸರು ಬಾಗಿಲಿಗೆ ಬಂದು ನಿಂತರೆ ಮಾತ್ರ ಇದ್ದಬದ್ದ ದೇವಶಾಸ್ತ್ರವೆಲ್ಲ ಒಟ್ಟಿಗೆ ನೆನಪಾಗುತ್ತದೆ.

1991ರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಬಿಷಪ್ಪರು ಒಂದು ಹೇಳಿಕೆ ಹೊರಡಿಸಿದರು. ಸಾಮಾನ್ಯ ಭಕ್ತರು ಮನಸ್ಸಾಕ್ಷಿಗೆ ಒಪ್ಪಿ ಸಲಿಂಗ ಸಂಬಂಧದಲ್ಲಿ ಬದುಕಿದರೆ ಅವರನ್ನು ಹೊರಗೆ ತಳ್ಳಬಾರದು. ಪಾದ್ರಿಗಳಿಗೆ ಮಾತ್ರ ಅದು ಕೂಡದು. ದೇವರು ಒಬ್ಬನೇ, ಸುತ್ತೋಲೆ ಎರಡು. 2013ರಲ್ಲಿ ಇದೇ ವಿಷಯಕ್ಕೆ ಇನ್ನೊಂದು ವರದಿ. 2014ರಲ್ಲಿ ಇಂಗ್ಲೆಂಡಿನಲ್ಲಿ ಸಲಿಂಗ ವಿವಾಹ ಶುರುವಾಯಿತು. ಅದನ್ನು ತಂದ ಕಾನೂನೇ ಈ ಚರ್ಚಿನೊಳಗೆ ಅಂಥ ಮದುವೆ ಆಗದಂತೆ ಬೀಗ ಜಡಿಯಿತು. ಕಾನೂನು ಮಾಡುವ ಹೌಸ್ ಆಫ್ ಲಾರ್ಡ್ಸ್‌ನಲ್ಲಿ 26 ಬಿಷಪ್ಪರಿಗೆ ಕುರ್ಚಿ ಮೀಸಲು ಎಂಬುದು ನಿಮಗೆ ಗೊತ್ತಿರಲಿ.

2020ರಲ್ಲಿ ಇದೇ ವಿಷಯದ ಮೇಲೆ ಚರ್ಚಿನಿಂದ ನಾನೂರಕ್ಕೂ ಹೆಚ್ಚು ಪುಟಗಳ ಪುಸ್ತಕ ಬಂತು. ಅದನ್ನು ಓದಿ ಚರ್ಚಿಸಲು ಊರೂರಲ್ಲಿ ಗುಂಪುಗಳಾದವು. 2023ರಲ್ಲಿ ಕೊನೆಗೂ ಒಂದು ತೀರ್ಮಾನ: ಮದುವೆ ಮಾಡಿಸುವಂತಿಲ್ಲ, ಆಶೀರ್ವಾದ ಮಾಡಬಹುದು. ಆಗಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ತುಂಬ ಸಂತೋಷ ಅಂದರು. ಈ ಆಶೀರ್ವಾದದ ಪ್ರಾರ್ಥನೆಯನ್ನು ತಾನು ಮಾತ್ರ ಬಳಸುವುದಿಲ್ಲ ಅಂತಲೂ ಅಂದರು. ಊರಿಗೆಲ್ಲ ಊಟಕ್ಕೆ ಹೇಳಿ, ಎಲೆ ಹಾಕಿದ ಮೇಲೆ ನನಗೆ ಉಪವಾಸ ಎನ್ನುವ ಯಜಮಾನನ ಹಾಗೆ. ಭಾನುವಾರದ ಮಾಮೂಲಿ ಆರಾಧನೆಯಲ್ಲಿ ಈ ಪ್ರಾರ್ಥನೆ ಸೇರಿಸಿಕೊಳ್ಳಬಹುದಂತೆ. ಪ್ರತ್ಯೇಕ ಆರಾಧನೆ ಬೇಕೆಂದರೆ ಚರ್ಚಿನ ಆಡಳಿತ ಸಭೆಯಾದ ಸಿನೊಡ್‌ನಲ್ಲಿ ಮೂರನೇ ಎರಡು ಬಹುಮತ ಬೇಕು ಅಂತ 2025ರಲ್ಲಿ ಬಿಷಪ್ಪರು ಹೇಳಿದರು. ಆಗುವುದಿಲ್ಲ ಎಂದು ನೇರವಾಗಿ ಹೇಳಲು ನಾಲಿಗೆ ಬರಲಿಲ್ಲ, ಅಷ್ಟೆ.

ಹೆಂಗಸರ ವಿಷಯದಲ್ಲೂ ಇದೇ ಹಾಡು. 2012ರಲ್ಲಿ ಮಹಿಳಾ ಬಿಷಪ್ ಪ್ರಸ್ತಾವ ಸಿನೊಡ್‌ನ ಭಕ್ತರ ಸದನದಲ್ಲಿ ಆರು ಮತ ಕಡಿಮೆಯಾಗಿ ಬಿತ್ತು. ಮರುವರ್ಷವೇ ನಮ್ಮ ಪಕ್ಕದ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಬಿಷಪ್ ಆದರು. ಅವರದು ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಸಭೆ. ಕರ್ನಾಟಕದಲ್ಲೂ ಮೂರು ಡಯಾಸಿಸ್ ಇರುವ, ಚರ್ಚ್ ಆಫ್ ಇಂಗ್ಲೆಂಡಿನದೇ ಆಂಗ್ಲಿಕನ್ ಬಳಗದ ಸಭೆ. ಇಂಗ್ಲೆಂಡಿಗೆ ಮೊದಲ ಮಹಿಳಾ ಬಿಷಪ್ ಸಿಕ್ಕಿದ್ದು 2015ರಲ್ಲಿ. ಸುವಾರ್ತೆಯ ಜೊತೆಗೆ ನಾಗರಿಕತೆಯನ್ನೂ ಕಲಿಸುತ್ತೇವೆ ಅಂತ ಹಡಗು ಹತ್ತಿ ಬಂದವರು ಯಾರು ಸ್ವಾಮಿ? (ನಮ್ಮ ಸಿಎಸ್‌ಐ ಏನೂ ಸ್ವರ್ಗವಲ್ಲ. ಅದರ ಚುನಾವಣೆಯ ಜಗಳ ಸುಪ್ರೀಂ ಕೋರ್ಟ್ ಮುಟ್ಟಿದೆ.)

2025ರ ಅಕ್ಟೋಬರಿನಲ್ಲಿ ಸಾರಾ ಮುಲಾಲಿ ಅವರ ಹೆಸರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪಟ್ಟಕ್ಕೆ ಬಂತು. ಆ ಪಟ್ಟಕ್ಕೆ ಹೆಂಗಸು ಇದೇ ಮೊದಲು. ಕ್ರಾಂತಿ ಅಂತ ಪತ್ರಿಕೆಗಳು ಬರೆದವು. ಆದರೆ ಹೆಂಗಸು ಕೊಡುವ ಪ್ರಭುಭೋಜನ ನಮಗೆ ಬೇಡ ಎನ್ನುವ ಚರ್ಚುಗಳು ಇವತ್ತೂ ಅದೇ ಸಭೆಯೊಳಗಿವೆ. ಅವರಿಗಾಗಿಯೇ ಬೇರೆ ಗಂಡು ಬಿಷಪ್ಪರಿದ್ದಾರೆ. ಈ ವ್ಯವಸ್ಥೆಯನ್ನು ಚರ್ಚಿನವರು ಕರೆಯುವುದು ಪರಸ್ಪರ ಅಭ್ಯುದಯ ಅಂತ. ನಾವು ನಮ್ಮೂರಲ್ಲಿ ಇಂಥದ್ದನ್ನು ಮಡಿ ಅಂದು ಸುಮ್ಮನಾಗುತ್ತೇವೆ.

ಅದೇ ತಿಂಗಳು ಕ್ಯಾಂಟರ್ಬರಿಯ ಕಲ್ಲುಕಂಬಗಳ ಮೇಲೆ, ಬೀದಿಗೋಡೆಯ ಗೀಚುಬರಹದ ಧಾಟಿಯಲ್ಲಿ, ದೇವರಿಗೆ ಪ್ರಶ್ನೆಗಳನ್ನು ಅಂಟಿಸಿದರು. ಚಂದದ ಕಟ್ಟಡ ಕುರೂಪವಾಯಿತು ಅಂತ ಅಮೆರಿಕದ ಉಪಾಧ್ಯಕ್ಷರೂ ಗೊಣಗಿದರು. ಕುರೂಪದ ಮಾತು ಆಚೆಗಿರಲಿ. ಉತ್ತರ ಹೇಳಬೇಕಾದವರೇ ಪ್ರಶ್ನೆ ಅಂಟಿಸಿ ಕೈಕಟ್ಟಿ ಕೂತರೆ ಹೇಗೆ?

ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂಬ, ಮನುಷ್ಯರು ಮನುಷ್ಯರಿಗೇ ಕೇಳಬೇಕಾದ ಒಂದು ಪ್ರಶ್ನೆ ಮಾತ್ರ ಯಾವ ಕಂಬದ ಮೇಲೂ ಬರಲಿಲ್ಲ. ಜಾನ್ ಸ್ಮೈತ್ ಎಂಬ ವಕೀಲ ಕ್ರೈಸ್ತ ಹುಡುಗರ ಶಿಬಿರ ನಡೆಸುತ್ತಿದ್ದ. ಅಲ್ಲಿ ಪರಿಚಯವಾದ ಹುಡುಗರನ್ನು ತನ್ನ ಹಿತ್ತಲ ಶೆಡ್ಡಿಗೆ ಕರೆದೊಯ್ದು, ಪಾಪ ಕಳೆಯುತ್ತೇನೆ ಅಂತ ರಕ್ತ ಬರುವಂತೆ ಬಾರಿಸುತ್ತಿದ್ದ. 1982ರಲ್ಲಿ ಇದರ ವರದಿ ತಯಾರಾಯಿತು, ಕೆಲವು ಪಾದ್ರಿಗಳ ಕೈ ಸೇರಿತು. ಅವರು ಪೊಲೀಸರಿಗೆ ಹೇಳಲಿಲ್ಲ. ಅವನು ಆಫ್ರಿಕಕ್ಕೆ ಹೋದ, ಅಲ್ಲೂ ಬಾರಿಸಿದ. 2018ರಲ್ಲಿ ವಿಚಾರಣೆಯಿಲ್ಲದೆ ಸತ್ತ. ನೊಂದವರು ನೂರಕ್ಕೂ ಹೆಚ್ಚು ಎಂದಿತು 2024ರ ಮೇಕಿನ್ ವರದಿ. 2013ರಲ್ಲೇ ಸುದ್ದಿ ಗೊತ್ತಿದ್ದೂ ಸಾಕಷ್ಟು ಮಾಡದ ವೆಲ್ಬಿ ರಾಜೀನಾಮೆ ಕೊಟ್ಟರು. ಲಾರ್ಡ್ಸ್‌ನಲ್ಲಿ ಮಾಡಿದ ವಿದಾಯ ಭಾಷಣದಲ್ಲಿ, ಹದಿನಾಲ್ಕನೇ ಶತಮಾನದಲ್ಲಿ ಆರ್ಚ್‌ಬಿಷಪ್ಪರೊಬ್ಬರ ತಲೆ ಹಾರಿದ ಕಥೆ ಹೇಳಿ ಜೋಕು ಮಾಡಿದರು. ಸದನ ನಕ್ಕಿತು. ನೊಂದವರು ಸಿಟ್ಟಾದ ಮೇಲೆ ಕ್ಷಮೆ ಕೇಳಿದರು.

2025ರ ಫೆಬ್ರುವರಿಯಲ್ಲಿ ಸಿನೊಡ್ ಸೇರಿತು. ಮಕ್ಕಳ ರಕ್ಷಣೆಯ ಕೆಲಸವನ್ನು ಚರ್ಚಿನ ಕೈಯಿಂದ ಪೂರ್ತಿ ಬಿಡಿಸಿ ಸ್ವತಂತ್ರ ಸಂಸ್ಥೆಗೆ ಕೊಡೋಣವೇ ಎಂಬ ಪ್ರಶ್ನೆ ಬಂತು. ಈಗಲೇ ಬೇಡ, ಇನ್ನಷ್ಟು ಪರಿಶೀಲನೆಯಾಗಲಿ ಎಂದು ತೀರ್ಮಾನವಾಯಿತು. ಶೆಡ್ಡಿನ ವರದಿ ಪಾದ್ರಿಗಳ ಕೈ ಸೇರಿ ಆಗ 43 ವರ್ಷ.